ಗುಂಬಜ್ ಜಗುಲಿಯ ಸರ್ವಿಸ್ ರೆಕಾರ್ಡ್

ಶ್ರೀರಂಗಪಟ್ಟಣದ ಗುಂಬಜ್‌ಗೆ ನೀವೂ ಹೋಗಿರ್ತೀರಿ. ಸ್ಕೂಲ್ ಟ್ರಿಪ್ಪಿನಲ್ಲೋ, ಮೈಸೂರಿಗೆ ಹೋಗುವ ದಾರಿಯಲ್ಲೋ. ಎಲ್ಲರೂ ಮಾಡೋದು ಒಂದೇ ಕೆಲಸ. ಚಪ್ಪಲಿ ಬಿಟ್ಟು ಒಳಗೆ ಹೋಗ್ತೀವಿ, ಗೋಡೆಯ ಹುಲಿಪಟ್ಟೆ ನೋಡ್ತೀವಿ. ನಡುವೆ ಮೂರು ಗೋರಿ: ಹೈದರಾಲಿ, ಅವನ ಹೆಂಡತಿ, ಮಗ ಟಿಪ್ಪು. ಕೈಮುಗಿಯುವವರು ಮುಗಿದು, ಬೈಯುವವರು ಬೈದು ಹೊರಗೆ ಬರ್ತೀವಿ. ಹೊರಗಿನ ಜಗುಲಿ, ಅಂಗಳದಲ್ಲಿ ಸಾಲಾಗಿ ಮಲಗಿದವರ ಕಡೆ ಯಾರೂ ತಿರುಗಲ್ಲ.

ನಾನೂ ತಿರುಗಿರಲಿಲ್ಲ. ಟಿಪ್ಪು ಮೇಲೆ ಎಷ್ಟು ಡಿಬೇಟ್ ನಡೆಸಿದ್ದೀನೋ ಲೆಕ್ಕವಿಲ್ಲ. ಎಡಕ್ಕೆ ನಾಲ್ಕು ಜನ, ಬಲಕ್ಕೆ ನಾಲ್ಕು ಜನ, ನಡುವೆ ನಾನು, ಎಲ್ಲರದ್ದೂ ಕಿರುಚಾಟ. ಒಮ್ಮೆ ಶೂಟಿಂಗ್‌ಗೆ ಹೋದಾಗ, ಕ್ಯಾಮೆರಾ ಬ್ಯಾಟರಿ ಬದಲಾಯಿಸುವಷ್ಟು ಹೊತ್ತು ಸುಮ್ಮನೆ ಜಗುಲಿ ಸುತ್ತಿದೆ. ಇಂಜಿನಿಯರಿಂಗ್ ಓದಿದವನ ಚಾಳಿ ನೋಡಿ, ಯಾರು ಯಾರಿಗೆ ಏನಾಗಬೇಕು, ಯಾರು ಎಲ್ಲಿ ಸತ್ತರು ಅಂತ ಗೆರೆ ಎಳೆಯುತ್ತಾ ಹೋದೆ. ಅದೊಂದು ಮನೆತನದ ಸರ್ವಿಸ್ ರೆಕಾರ್ಡ್!

ಆದರೆ ಅದರ ಮೊದಲ ಪುಟ ಇಲ್ಲಿಲ್ಲ, ಕೋಲಾರದಲ್ಲಿದೆ. ಹೈದರನ ಅಪ್ಪ ಫತೇ ಮಹಮದ್ ಸಂಬಳಕ್ಕೆ ಕತ್ತಿ ಹಿಡಿದವನು. ಆರ್ಕಾಟಿನಲ್ಲಿ, ಆಮೇಲೆ ಶಿರಾದ ನವಾಬರ ಕೈಕೆಳಗೆ. ಯುದ್ಧದಲ್ಲೇ ಸತ್ತ. ಅವನ ಗೋರಿ ಕೋಲಾರದ ಮಕ್ಬರಾದಲ್ಲಿದೆ. ಅಪ್ಪ ಉಳಿಸಿಹೋದದ್ದು ಸಾಲ. ಬಾಕಿ ವಸೂಲಿಗೆ ಅಂತ ಪುಟ್ಟ ಹೈದರ್ ಮತ್ತವನ ಅಣ್ಣನನ್ನು ದೊಡ್ಡಬಳ್ಳಾಪುರದಲ್ಲಿ ನಗಾರಿಯೊಳಗೆ ತುರುಕಿ, ಮೇಲಿಂದ ಬಾರಿಸಿದರಂತೆ. ಹಳೆಯ ಚರಿತ್ರೆಕಾರರು ಬರೆದ ಮಾತು. ಅದೇ ಹುಡುಗ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರು ದೊರೆಗಳ ಸೈನಿಕನಾಗಿ ಎಲ್ಲರ ಕಣ್ಣಿಗೆ ಬಿದ್ದ. ಮುಂದಿನದು ಗೊತ್ತೇ ಇದೆ.

ಹೈದರ್ ಸತ್ತಿದ್ದು ದಂಡಿನ ಬಿಡಾರದಲ್ಲಿ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರ. ಬೆನ್ನಮೇಲಿನ ಹುಣ್ಣು ಅವನ ಪ್ರಾಣ ತೆಗೆಯಿತು. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಸೋರಿದರೆ ಸೈನ್ಯವೇ ಚೆದುರಿಹೋಗುತ್ತಲ್ಲ? ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸ್ತಿದ್ದೀವಿ ಅನ್ನೋ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಅಪ್ಪನ ಪಕ್ಕದಲ್ಲಿ ಸ್ವಲ್ಪ ಕಾಲ ಮಲಗಿದ ಹೈದರ್, ಆಮೇಲೆ ಗುಂಬಜ್‌ಗೆ ಬಂದ.

ಈಗ ಜಗುಲಿಗೆ ಬನ್ನಿ. ಇಲ್ಲಿ ರುಕಯ್ಯಾ ಬಾನು ಇದ್ದಾಳೆ, ಟಿಪ್ಪು ಹೆಂಡತಿ. ಜೊತೆಗೆ ಅವಳ ಒಡಹುಟ್ಟಿದ ಬುರ್ಹಾನುದ್ದೀನ್. ಇವರ ಕತೆ ಶುರುವಾಗೋದು ಪಾಂಡವಪುರ ತಾಲೂಕಿನಲ್ಲಿ. ಹೌದು, ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಕರೆದ ಅದೇ ಊರು, ಹೈದರ್–ಟಿಪ್ಪುವಿನ ಫ್ರೆಂಚ್ ತುಕಡಿ ಬೀಡುಬಿಟ್ಟಿದ್ದ ಜಾಗ. ಅಲ್ಲಿಂದ ಕೆ.ಆರ್.ಪೇಟೆ ಕಡೆ ಹೊರಟರೆ ಚಿನಕುರಳಿ ಸಿಗುತ್ತೆ. 1771ರ ಮಾರ್ಚ್‌ನಲ್ಲಿ ಹೈದರನ ಸೈನ್ಯ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರೋರಾತ್ರಿ ಹಿಂದೆ ಸರಿಯುತ್ತಿತ್ತು. ತ್ರಿಂಬಕರಾಯನ ಮರಾಠಾ ಪಡೆಗೆ ಸುಳಿವು ಸಿಕ್ಕಿತು. ಬೆಳಗಾಗೋ ಹೊತ್ತಿಗೆ ಚಿನಕುರಳಿ ಬಯಲಲ್ಲಿ ಸುತ್ತುವರಿದರು. ಹೈದರನ ಜೀವನದಲ್ಲೇ ಅಂಥ ಸೋಲು ಇನ್ನೊಂದಿಲ್ಲ. ಅವನೇ ಹೇಗೋ ತಪ್ಪಿಸಿಕೊಂಡು ಕೋಟೆ ಸೇರಿದ. ಅವತ್ತು ಸತ್ತವರಲ್ಲಿ ಲಾಲಾ ಮಿಯಾ ಅನ್ನೋ ಸರದಾರನೂ ಒಬ್ಬ. ರುಕಯ್ಯಾ, ಬುರ್ಹಾನುದ್ದೀನ್ ಅವನ ಮಕ್ಕಳು. ಮೂರು ವರ್ಷದ ಮೇಲೆ, 1774ರಲ್ಲಿ, ಆ ತಬ್ಬಲಿ ಹುಡುಗಿ ಟಿಪ್ಪುವಿನ ಮನೆ ಸೇರಿದಳು.

ಮಗನೂ ಅಪ್ಪನ ದಾರಿಯನ್ನೇ ಹಿಡಿದ. ಟಿಪ್ಪುವಿನ ನಂಬಿಕಸ್ಥ ಸೇನಾಪತಿಯಾದ. 1790ರಲ್ಲಿ ಸತ್ಯಮಂಗಲದ ಕಾಳಗದಲ್ಲಿ ಬಿದ್ದ. ಎರಡು ವರ್ಷಕ್ಕೆ ಯುದ್ಧ ಮನೆಬಾಗಿಲಿಗೇ ಬಂತು. 1792ರ ಮುತ್ತಿಗೆಯ ದಿನಗಳಲ್ಲೇ ರುಕಯ್ಯಾ ತೀರಿಕೊಂಡಳು. ಅಪ್ಪ ಚಿನಕುರಳಿಯಲ್ಲಿ, ಒಡಹುಟ್ಟಿದವನು ಸತ್ಯಮಂಗಲದಲ್ಲಿ, ಇವಳು ಶತ್ರುವಿನ ಫಿರಂಗಿ ಸದ್ದಿನ ನಡುವೆ. ಅದೇ ಸೋಲಿಗೆ ಟಿಪ್ಪು ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ಕಾರ್ನ್‌ವಾಲಿಸ್ ಕೈಗೆ ಒತ್ತೆಯಿಟ್ಟಿದ್ದು. ಆ ಚಿತ್ರವನ್ನು ಇಂಗ್ಲಿಷರು ಬರೆದು ಬರೆದು ಸಂಭ್ರಮಪಟ್ಟರು.

ಇದೇ ಆವರಣದಲ್ಲಿ ಬೆಂಕಿ ನವಾಬನೂ ಇದ್ದಾನೆ. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಸತ್ತವನು. ಎರಡು ತಿಂಗಳಿಗೆ, ಮೇ 4ರಂದು, ಟಿಪ್ಪು. ಮರುದಿನ ಮಣ್ಣು ಮಾಡುವಾಗ ಕೊಂದವರೇ ಸೇನಾ ಗೌರವ ಕೊಟ್ಟರು. ಅಷ್ಟೇ ಯಾಕೆ, ಗುಂಬಜ್‌ನ ದಂತದ ಕುಸುರಿಯ ಬಾಗಿಲು ಗವರ್ನರ್ ಜನರಲ್ ಡಾಲ್‌ಹೌಸಿ ಕೊಟ್ಟಿದ್ದು!

ಅದೇ ಊರಿನ ಕಾವೇರಿ ದಡದಲ್ಲಿ ಗೆದ್ದವರ ಕಡೆಯ ಗ್ಯಾರಿಸನ್ ಸಿಮೆಟ್ರಿಯೂ ಇದೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಅನ್ನೋ ಮನೆತನ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ರೆಜಿಮೆಂಟು, 1795ರಲ್ಲಿ ಸಿಂಹಳದಲ್ಲಿ ಬ್ರಿಟಿಷರಿಗೆ ಕೈಬದಲಾಗಿ, 1799ರಲ್ಲಿ ಇಲ್ಲಿಗೆ ಬಂತು. ಅವರ ಗೋರಿಗಳು ಪಾಳುಬಿದ್ದಾಗ ಆ ಮನೆತನದವರೇ ಬಂದು ಸರಿಮಾಡಿಸಿದರು. ಇನ್ನೂರು ವರ್ಷದ ಮೇಲೆ! ಚಿನಕುರಳಿಯಲ್ಲಿ ಸತ್ತ ಕಾಲಾಳುಗಳಿಗೆ ಮಾತ್ರ ಯಾರೂ ಬರಲಿಲ್ಲ. ನಾಗಮಂಗಲ, ಕೆ.ಆರ್.ಪೇಟೆ ಸೀಮೆಯಲ್ಲಿ ಹಿಂದೆ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ಹೈದರನ ಕಾಲಕ್ಕೆ ಸಾಮಾನ್ಯ ಸಿಪಾಯಿಗೆ ಆ ಕಲ್ಲೂ ಇಲ್ಲ.

ಟಿಪ್ಪುವಿನ ಮಕ್ಕಳಿಗೆ ಶ್ರೀರಂಗಪಟ್ಟಣದ ಮಣ್ಣಲ್ಲಿ ಮಲಗುವ ಯೋಗ ಬರಲಿಲ್ಲ. ಮೊದಲು ವೆಲ್ಲೂರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಕೋಲ್ಕತ್ತ. ಕತ್ತಿ ಹೋಯ್ತು, ಪಿಂಚಣಿ ಬಂತು.

ರೆಕಾರ್ಡ್ ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಇಲ್ಲ. ಮೈಸೂರು ಆಸ್ಥಾನದಲ್ಲಿ ಮರ್ಯಾದೆ ಪಡೆದ ಸಂಗೀತಗಾರ ಮೌಲಾ ಬಕ್ಷ್ ಮದುವೆಯಾಗಿದ್ದು ಟಿಪ್ಪು ವಂಶದ ಹೆಣ್ಣನ್ನು ಅಂತ ಆ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಅವರ ಮಗಳ ಮಗ ಸೂಫಿ ಇನಾಯತ್ ಖಾನ್. ಇನಾಯತ್ ಖಾನರ ಮಗಳು ನೂರ್, ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ಮಕ್ಕಳ ಕತೆ ಬರೆಯುತ್ತಿದ್ದ ಹುಡುಗಿ 1940ರಲ್ಲಿ ಸಮವಸ್ತ್ರ ತೊಟ್ಟಳು. ಯಾರದ್ದು? ಬ್ರಿಟಿಷ್ ವಾಯುಪಡೆಯದ್ದು! 1943ರ ಜೂನ್‌ನಲ್ಲಿ ವೈರ್‌ಲೆಸ್ ಸೆಟ್ಟಿನ ಕೆಲಸಕ್ಕೆ ಗುಟ್ಟಾಗಿ ಫ್ರಾನ್ಸಿಗೆ ಹೋದಳು. ಜೊತೆಗಾರರೆಲ್ಲ ಸಿಕ್ಕಿಬೀಳುತ್ತಿದ್ದರೂ ಪ್ಯಾರಿಸ್ಸಿನಿಂದ ಸಂದೇಶ ಕಳಿಸುತ್ತಲೇ ಇದ್ದಳು. ಅಕ್ಟೋಬರ್‌ನಲ್ಲಿ ನಾಜಿಗಳ ಕೈಗೆ ಸಿಕ್ಕಳು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. 1949ರಲ್ಲಿ ಬ್ರಿಟನ್ ಆಕೆಗೆ ಜಾರ್ಜ್ ಕ್ರಾಸ್ ಕೊಟ್ಟಿತು.

ನೂರ್‌ಗೆ ಗೋರಿಯಿಲ್ಲ. ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿ, ಗೋರಿಯೇ ಇಲ್ಲದ ವಾಯುಪಡೆಯವರಿಗೆ ಅಂತ ಒಂದು ಸ್ಮಾರಕ ಕಟ್ಟಿದ್ದಾರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲೊಂದು ಆಕೆಯದ್ದು.