ನಾಲ್ಕು ಎಂಜಿನ್, ಒಂದೇ ಗಾಳಿ

ಕೆಲವು ವಾರಗಳ ಹಿಂದೆ ನಮ್ಮ ಆಫೀಸಿನಲ್ಲಿ ಒಂದು ಫಜೀತಿ ಆಯಿತು. ನಡುರಾತ್ರಿ ಮುಖ್ಯ ಸರ್ವರ್ ಸತ್ತುಹೋಯಿತು. ಹೋಗಲಿ, ಇಂಥ ಹೊತ್ತಿಗೆ ಬೇಕಾಗುತ್ತದೆ ಅಂತಲೇ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದ್ದೆವಲ್ಲ? ಅದೂ ಸತ್ತಿತ್ತು. "ಎರಡೂ ಒಟ್ಟಿಗೆ ಹೆಂಗ್ರೀ ಹೋಗತ್ತೆ?" ಅಂತ ಮ್ಯಾನೇಜರ್ ಫೋನಿನಲ್ಲಿ ಕೂಗಿದರು. ನೋಡಿದರೆ ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿತ್ತು. ಕೈಕೊಟ್ಟದ್ದು ಆ ಯುಪಿಎಸ್. ಸಿಕ್ಕಿಸಿದವರಲ್ಲಿ ನಾನೂ ಒಬ್ಬ, ಆ ಮಾತು ಬೇರೆ.

ಬೆಳಗಿನ ಜಾವ ಮನೆಗೆ ಬರುವಾಗ ನೆನಪಾದದ್ದು ಮೂರು ವಿಮಾನಗಳ ಕಥೆ. ಮೂರೂ ನಡೆದದ್ದು ಹದಿಮೂರು ತಿಂಗಳ ಅಂತರದಲ್ಲಿ, 1982ರ ಜೂನ್‌ನಿಂದ 1983ರ ಜುಲೈ ಒಳಗೆ. ಮೂರರಲ್ಲೂ ಹಾರಾಟದ ಮಧ್ಯೆ ಇದ್ದಬದ್ದ ಎಂಜಿನ್ನುಗಳೆಲ್ಲ ನಿಂತುಹೋದವು. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಎರಡು.

ವಿಮಾನಕ್ಕೆ ಒಂದಕ್ಕಿಂತ ಹೆಚ್ಚು ಎಂಜಿನ್ ಇಡುವುದರ ಹಿಂದೆ ಒಂದು ಸರಳ ಗುಣಾಕಾರ ಇದೆ. ಒಂದು ಎಂಜಿನ್ ಕೆಡುವ ಸಂಭವ ಲಕ್ಷಕ್ಕೆ ಒಂದು ಅಂತಿಟ್ಟುಕೊಳ್ಳಿ. ಎರಡೂ ಕೆಡುವ ಸಂಭವ ಸಾವಿರ ಕೋಟಿಗೆ ಒಂದು. ನಾಲ್ಕೂ ಕೆಡುವುದಕ್ಕೆ ಒಂದರ ಮುಂದೆ ಇಪ್ಪತ್ತು ಸೊನ್ನೆ ಹಾಕಬೇಕು. ಅಂದರೆ ಆಗುವುದೇ ಇಲ್ಲ! ಆದರೆ ಇಂಜಿನಿಯರಿಂಗ್ ಓದಿದವರಿಗೆ ನೆನಪಿರಬಹುದು, ಈ ಗುಣಾಕಾರಕ್ಕೊಂದು ಷರತ್ತಿದೆ. ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು. ಪರೀಕ್ಷೆಯಲ್ಲಿ ಈ ಸಾಲು ಬರೆದು ಮಾರ್ಕ್ಸ್ ತಗೊಂಡು ಮರೆತುಬಿಡುತ್ತೇವೆ.

ಮೊದಲನೆಯದು 1982ರ ಜೂನ್ 24. ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747, ಫ್ಲೈಟ್ 9. ಲಂಡನ್ನಿನಿಂದ ಹೊರಟು ಬೊಂಬಾಯಿ, ಮದರಾಸು, ಕೌಲಾಲಂಪುರ ಮುಟ್ಟಿ ಆಸ್ಟ್ರೇಲಿಯಾದ ಪರ್ತ್ ಕಡೆಗೆ ಹೊರಟಿತ್ತು. ಒಳಗೆ 263 ಜನ. ರಾತ್ರಿ ಹೊತ್ತು, ಜಾವಾ ದ್ವೀಪದ ಹತ್ತಿರ, 37,000 ಅಡಿ ಎತ್ತರದಲ್ಲಿ ಮುಂದಿನ ಗಾಜಿನ ಮೇಲೆ ಕಿಡಿಗಳು ಕುಣಿಯತೊಡಗಿದವು. ಒಳಗೆ ಗಂಧಕದ ವಾಸನೆ, ಹೊಗೆ. ಮೊದಲು ನಾಲ್ಕನೇ ಎಂಜಿನ್ ಆರಿತು. ಎರಡು ನಿಮಿಷ ಕಳೆಯುವುದರೊಳಗೆ ಉಳಿದ ಮೂರೂ ಆರಿದವು.

ಕಾರಣ ಗಾಲುಂಗುಂಗ್ ಎಂಬ ಜ್ವಾಲಾಮುಖಿ. ಅದರ ಬೂದಿಯ ಮೋಡದೊಳಕ್ಕೆ ವಿಮಾನ ನುಗ್ಗಿತ್ತು. ಹವಾಮಾನ ರಾಡಾರ್ ನೋಡುವುದು ನೀರಿನ ಹನಿಗಳನ್ನು. ಬೂದಿ ಒಣ, ಹಾಗಾಗಿ ಪರದೆಯ ಮೇಲೆ ಏನೂ ಕಾಣಲಿಲ್ಲ. ಈ ಬೂದಿ ನಮ್ಮ ಒಲೆಯ ಬೂದಿಯಂತಲ್ಲ, ಕಲ್ಲು ಮತ್ತು ಗಾಜಿನ ಪುಡಿ. ಎಂಜಿನ್ನಿನ ಉರಿಯಲ್ಲಿ ಅದು ಕರಗಿ, ಹಿಂದಿನ ಟರ್ಬೈನ್ ಭಾಗಗಳ ಮೇಲೆ ಅಂಟಿ ಗಟ್ಟಿಯಾಯಿತು. ಗಾಳಿ ಹೋಗುವ ದಾರಿ ಕಟ್ಟಿತು, ಉರಿ ಆರಿತು. ನಾಲ್ಕು ಎಂಜಿನ್ನುಗಳೂ ಬೇರೆ ಬೇರೆಯೇ, ನಿಜ. ಆದರೆ ನಾಲ್ಕೂ ಕುಡಿಯುತ್ತಿದ್ದದ್ದು ಒಂದೇ ಗಾಳಿ.

ಕ್ಯಾಪ್ಟನ್ ಎರಿಕ್ ಮೂಡಿ ಮತ್ತು ಸಂಗಡಿಗರು ಹನ್ನೆರಡು ನಿಮಿಷಕ್ಕೂ ಹೆಚ್ಚು ಹೊತ್ತು ಆ ದೈತ್ಯ ವಿಮಾನವನ್ನು ಗ್ಲೈಡರ್‌ನಂತೆ ತೇಲಿಸಿದರು. ಮತ್ತೆ ಮತ್ತೆ ಎಂಜಿನ್ ಚಾಲೂ ಮಾಡಲು ನೋಡಿದರು. ಸುಮಾರು 13,500 ಅಡಿಗೆ ಇಳಿದಾಗ ನಾಲ್ಕನೆಯದು ಎದ್ದಿತು, ಆಮೇಲೆ ಉಳಿದವೂ ಎದ್ದವು. ಬೂದಿ ಮೋಡದಿಂದ ಹೊರಬಂದಿದ್ದರು, ತಣ್ಣಗಾದ ಎಂಜಿನ್ನಿನೊಳಗಿನ ಗಾಜು ಚೂರಾಗಿ ಉದುರಿತ್ತು. ಅದರಲ್ಲೊಂದು ಮತ್ತೆ ಕೆಟ್ಟಿತು. ಬೂದಿ ಉಜ್ಜಿ ಉಜ್ಜಿ ಮಸುಕಾದ ಗಾಜಿನ ಮೂಲಕ ಕಂಡೂ ಕಾಣದಂತೆ ಜಕಾರ್ತಾದಲ್ಲಿ ಇಳಿಸಿದರು.

ಎರಡನೆಯದು 1983ರ ಮೇ 5. ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ ಮೂರು ಎಂಜಿನ್ನಿನ ಲಾಕ್‌ಹೀಡ್ ಟ್ರೈಸ್ಟಾರ್, ಮಯಾಮಿಯಿಂದ ನಸ್ಸಾವ್‌ಗೆ, 172 ಜನ. ನಡುವಿನ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿಯಿತು. ಅದನ್ನು ಆರಿಸಿ ಮಯಾಮಿಗೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಉಳಿದೆರಡರ ಎಣ್ಣೆಯ ಮುಳ್ಳೂ ಸೊನ್ನೆಗೆ ಬಂತು. ಆಗ ಪೈಲಟ್‌ಗಳು ಏನಂದುಕೊಂಡರು ಗೊತ್ತೇ? ಮೂರೂ ಎಂಜಿನ್ನಿನ ಎಣ್ಣೆ ಒಟ್ಟಿಗೆ ಖಾಲಿಯಾಗುವುದು ಸಾಧ್ಯವೇ ಇಲ್ಲ, ಮೀಟರ್ ಕೆಟ್ಟಿರಬೇಕು! ಅದೇ ಗುಣಾಕಾರ ನೋಡಿ. ಮೀಟರ್ ನಿಜವನ್ನೇ ಹೇಳುತ್ತಿತ್ತು.

ಹಿಂದಿನ ರಾತ್ರಿ ಮೂರೂ ಎಂಜಿನ್ನುಗಳ ಚಿಪ್ ಡಿಟೆಕ್ಟರ್ ಬದಲಿಸಿದ್ದರು. ಎಣ್ಣೆಯಲ್ಲಿ ಲೋಹದ ಚೂರು ಇದೆಯೇ ಅಂತ ಹಿಡಿದು ತೋರಿಸುವ ಪುಟ್ಟ ಸಾಧನ ಅದು. ಮಾಮೂಲಿಯಾಗಿ ಮೆಕ್ಯಾನಿಕ್‌ಗಳ ಕೈಗೆ ರಬ್ಬರ್ ಉಂಗುರ ಹಾಕಿದ್ದೇ ಸಿಗುತ್ತಿತ್ತು. ಅವತ್ತು ಉಂಗುರ ಇಲ್ಲದ್ದು ಸಿಕ್ಕಿತು. ಯಾರೂ ಗಮನಿಸಲಿಲ್ಲ, ಮೂರಕ್ಕೂ ಹಾಗೇ ಹಾಕಿದರು. ಎಣ್ಣೆ ಸೋರುತ್ತಾ ಹೋಯಿತು. ಒಂದಾದ ಮೇಲೊಂದು ಎಂಜಿನ್ ನಿಂತು, ಸಮುದ್ರಕ್ಕೆ ಇಳಿಯಲು ಸಿದ್ಧರಾಗಿ ಅಂತ ಪ್ರಯಾಣಿಕರಿಗೆ ಹೇಳಿದ್ದರು. ಸುಮಾರು 4,000 ಅಡಿಯಲ್ಲಿ, ಮೊದಲು ತಾವೇ ಆರಿಸಿದ್ದ ನಡುವಿನ ಎಂಜಿನ್ ಮತ್ತೆ ಹತ್ತಿಕೊಂಡಿತು. ಆ ಒಂದರಲ್ಲೇ ಮಯಾಮಿ ಸೇರಿದರು.

ಮೂರನೆಯದು 1983ರ ಜುಲೈ 23. ಏರ್ ಕೆನಡಾದ ಹೊಸ ಬೋಯಿಂಗ್ 767, ಎರಡು ಎಂಜಿನ್, 69 ಜನ. ಕೆನಡಾ ಆಗ ಪೌಂಡಿನಿಂದ ಕಿಲೋಗೆ ಬದಲಾಗುತ್ತಿದ್ದ ಕಾಲ. ಬೇಕಾಗಿದ್ದದ್ದು 22,300 ಕಿಲೋ ಇಂಧನ. ಲೀಟರನ್ನು ತೂಕಕ್ಕೆ ತಿರುಗಿಸುವಾಗ 0.8ರ ಬದಲು 1.77ರಿಂದ ಗುಣಿಸಿದರು. 1.77 ಪೌಂಡಿನ ಲೆಕ್ಕ. ಹೀಗಾಗಿ ಒಳಗೆ ಇದ್ದದ್ದು ಬೇಕಾದ ಅರ್ಧಕ್ಕಿಂತ ಕಡಿಮೆ. ಲೆಕ್ಕವನ್ನು ಮತ್ತೆ ಪರೀಕ್ಷಿಸಿದರು, ಅದೇ 1.77 ಹಿಡಿದು! 41,000 ಅಡಿಯಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸವಿದ್ದದ್ದು ಪುಣ್ಯ. ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆ ರನ್‌ವೇ ಮೇಲೆ ಇಳಿಸಿಬಿಟ್ಟರು.

ನನಗೆ ಇದರಲ್ಲಿ ಎಲ್ಲಕ್ಕಿಂತ ಚುಚ್ಚಿದ್ದು ಬೇರೆ ವಿಷಯ. ಅವರು ಕೈಲೆಕ್ಕ ಹಾಕಬೇಕಾಗಿ ಬಂದದ್ದೇ ಇಂಧನದ ಮೀಟರ್ ಕೆಲಸ ಮಾಡದ್ದರಿಂದ. ಆ ಮೀಟರಿಗೂ ಎರಡು ಚಾನೆಲ್ ಇತ್ತು, ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳಬೇಕು. ಒಂದರಲ್ಲಿ ಬೆಸುಗೆ ಸರಿಯಿರಲಿಲ್ಲ. ಅದು ಪೂರ್ತಿ ಸತ್ತಿದ್ದರೆ ಎರಡನೆಯದು ಎದ್ದಿರುತ್ತಿತ್ತು. ಅರೆಜೀವದಲ್ಲಿದ್ದದ್ದರಿಂದ ಎರಡನೆಯದು ಏಳಲೇ ಇಲ್ಲ. ಸರ್ವರ್ ನೋಡಿಕೊಳ್ಳುವವರು ಇದನ್ನು ಓದಿ ನಿಟ್ಟುಸಿರು ಬಿಡುತ್ತೀರಿ ಅಂತ ಗೊತ್ತು.

ಗಾಳಿ, ಕೈ, ಲೆಕ್ಕ. ಮೂರು ಕಡೆಯೂ ಎಂಜಿನ್ನಿನದ್ದೇನೂ ತಪ್ಪಿರಲಿಲ್ಲ. ಎಲ್ಲ ಎಂಜಿನ್ನುಗಳೂ ಹಂಚಿಕೊಂಡಿದ್ದ ಯಾವುದೋ ಒಂದು ಕೆಟ್ಟಿತ್ತು. ಮೂರರಲ್ಲೂ ಒಬ್ಬರೂ ಸಾಯಲಿಲ್ಲ, ಅದು ಭಾಗ್ಯ.

ಪಾಠ ಕಲಿತರೇ? ನಿಧಾನವಾಗಿ. 1989ರ ಡಿಸೆಂಬರ್ 15ರಂದು ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯ ಬೂದಿಗೆ ಸಿಕ್ಕಿ ಕೆಎಲ್ಎಂ ಸಂಸ್ಥೆಯ 747ರ ನಾಲ್ಕೂ ಎಂಜಿನ್ ಮತ್ತೆ ಹಾಗೇ ಆರಿದವು. ಪುಣ್ಯಕ್ಕೆ ಅವೂ ಮತ್ತೆ ಹತ್ತಿಕೊಂಡವು. ಈಗ ಜಗತ್ತಿನಾದ್ಯಂತ ಒಂಬತ್ತು ಕೇಂದ್ರಗಳು ಬೂದಿಯ ಮೇಲೆ ಕಣ್ಣಿಟ್ಟಿರುತ್ತವೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯಿಂದ ಯೂರೋಪಿನ ಆಕಾಶವನ್ನೇ ದಿನಗಟ್ಟಲೆ ಮುಚ್ಚಿದಾಗ ಎಷ್ಟೋ ಜನ ಬೈದರು. ಅಷ್ಟು ಹೆದರಿಕೆ ಎಲ್ಲಿಂದ ಬಂತು ಅನ್ನುವುದು ಈ ಕಥೆ ಗೊತ್ತಿದ್ದರೆ ತಿಳಿಯುತ್ತದೆ. ಎರಡೇ ಎಂಜಿನ್ನಿನ ವಿಮಾನಗಳಿಗೆ ಸಾಗರ ದಾಟಲು ಅನುಮತಿ ಕೊಡುವ ನಿಯಮಗಳಲ್ಲಿ ಇನ್ನೊಂದು ಮಾತು ಸೇರಿದೆ. ಎರಡೂ ಎಂಜಿನ್ನಿಗೆ ಒಂದೇ ಕೆಲಸವನ್ನು ಒಂದೇ ಸಲಕ್ಕೆ ಒಬ್ಬನೇ ಮೆಕ್ಯಾನಿಕ್ ಮಾಡುವುದನ್ನು ತಪ್ಪಿಸಬೇಕು. ಅವನ ಮೇಲೆ ಅಪನಂಬಿಕೆ ಅಂತಲ್ಲ. ಒಂದೇ ಮರೆವು ಎರಡು ಕಡೆ ಹೋಗಬಾರದು ಅಂತ.

ಎರಿಕ್ ಮೂಡಿ 2024ರಲ್ಲಿ ತೀರಿಕೊಂಡರು. ಆ ರಾತ್ರಿ ಅವರಿಗೆ ಹೊಳೆಯದೇ ಇದ್ದದ್ದು ಇವತ್ತು ಪ್ರತಿ ಪೈಲಟ್‌ಗೂ ಪಾಠ. ನಾನಂತೂ ಈಗ "ಎಷ್ಟು ಬ್ಯಾಕಪ್ ಇದೆ?" ಅಂತ ಕೇಳುವುದನ್ನು ಬಿಟ್ಟು "ಅವೆಲ್ಲ ಎಲ್ಲಿ ಹೋಗಿ ಸೇರುತ್ತವೆ?" ಅಂತ ಕೇಳುತ್ತೇನೆ.

ಅಂದಹಾಗೆ, ಎರಡನೇ ಸರ್ವರನ್ನು ಬೇರೆ ಯುಪಿಎಸ್‌ಗೆ ಹಾಕಿದೆವು. ಮೊನ್ನೆ ವೈರ್ ಹಿಡಿದುಕೊಂಡು ಕೆಳಗಿನ ಮಹಡಿಯವರೆಗೂ ಹೋಗಿ ನೋಡಿದೆ. ಎರಡು ಯುಪಿಎಸ್‌ಗೂ ಇರುವುದು ಒಂದೇ ಜನರೇಟರ್ :-)