ಸೋಫಾ ಬಾಗಿದ್ದು ಯಾವಾಗ? (ಕೂತ ಜಾಗದ ಚರಿತ್ರೆ, ಭಾಗ 3)

ಕೊಟ್ಟಾರ ಕಡೆಯ ಆಫೀಸಿಗೋ, ಹೊಸ ಕ್ಲಿನಿಕ್ಕಿಗೋ ಹೋದವರು ಗಮನಿಸಿರ್ತೀರಿ. ಗಾಜಿನ ಬಾಗಿಲು ದೂಡಿದ ಕೂಡ್ಲೇ ಅರ್ಧಚಂದ್ರದ ಹಾಗೆ ಬಾಗಿದ ಸೋಫಾ. ಹತ್ತಿರ ಹೋದ್ರೆ ಅದು ಒಂದು ಸೋಫಾ ಅಲ್ಲ, ನಾಲ್ಕೈದು ತುಂಡು. ಬೇಕಾದ್ರೆ ಉಂಗುರ ಮಾಡ್ಬಹುದು, ಬೇಕಾದ್ರೆ ಹಾವಿನ ಹಾಗೆ ಎಳೆದು ಇಡ್ಬಹುದು. ಇದು ಎಲ್ಲಿಂದ ಬಂತು ಅಂತ ಕೇಳಿದ್ರೆ ಎರಡು ಕಥೆ ಉಂಟು. ಒಂದು ಸೋಫಾದ್ದು. ಇನ್ನೊಂದು, ನಮ್ಮೂರಲ್ಲಿ ಯಾರು ಎಲ್ಲಿ ಕೂರಬಹುದಿತ್ತು ಅನ್ನೋದು. ಮೊದಲನೇದು ಬೇಗ ಮುಗೀತದೆ.

'ಸೋಫಾ' ಶಬ್ದ ಅರಬ್ಬಿಯ 'ಸುಫ್ಫಾ'ದಿಂದ ಬಂದದ್ದು. ಅಂದ್ರೆ ಕೂರಲಿಕ್ಕೆ ಎತ್ತರಿಸಿದ ಕಟ್ಟೆ, ನಮ್ಮ ಜಗಲಿಯ ನೆಂಟ ಅನ್ನಿ. 19ನೇ ಶತಮಾನದ ಯುರೋಪಿನ ದೊಡ್ಡ ಹೋಟೆಲುಗಳಲ್ಲಿ ದುಂಡು ಸೋಫಾ ಬಂತು. ಅದರಲ್ಲಿ ಸುತ್ತ ಕೂತವರು ಒಬ್ಬರಿಗೊಬ್ಬರು ಬೆನ್ನು ಹಾಕಿರ್ತಿದ್ರು. 1950ರಲ್ಲಿ ನ್ಯೂಯಾರ್ಕಿನ ವ್ಲಾದಿಮಿರ್ ಕಾಗನ್ ಹಾವಿನಂತೆ ಬಳುಕಿದ ಸೋಫಾ ಮಾಡಿದ. ಗೋಡೆಯಲ್ಲಿ ದೊಡ್ಡ ದೊಡ್ಡ ಚಿತ್ರ ತೂಗಿಸುವ ಗಿರಾಕಿಗಳಿದ್ರು, ಹಾಗಾಗಿ ಸೋಫಾ ಕೋಣೆಯ ನಡುವಿಗೆ ಬಂತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಸೆಡೆ ಕಂಪೆನಿ ಜಿಪ್ಪಿನಿಂದ ಜೋಡಿಸುವ ತುಂಡುಗಳ ಸೋಫಾ ತಂತು. ಎಷ್ಟು ತುಂಡು ಸೇರಿಸ್ತೀರೋ ಅಷ್ಟು ಉದ್ದ.

ಸ್ವಿಟ್ಜರ್ಲೆಂಡ್ ಅಂದಾಗ ನೆನಪಾಯ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಅಲ್ಲಿಂದಲೇ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಒಂದಕ್ಕೊಂದು ಕಚ್ಚಿ ಕೂರುವ ಹೆಂಚು, ಒಡೆದ್ರೆ ಒಂದನ್ನೇ ತೆಗೆದು ಇನ್ನೊಂದು ಇಡ್ಬಹುದು. ಮಾಡ್ಯುಲರ್ ಅಂತ ಹೆಸರಿರ್ಲಿಲ್ಲ, ಅಷ್ಟೇ ಮಾರಾಯ್ರೆ.

ಈಗ ಎರಡನೇ ಕಥೆ. ಇದಕ್ಕೇ ನಾನು ಈ ಸರಣಿ ಬರೀತಾ ಇರೋದು.

ಕನ್ನಡದಲ್ಲಿ ಗೌರವ ಕೊಡೋದಕ್ಕೆ 'ಮಣೆ ಹಾಕು' ಅಂತೇವೆ. ಅಧಿಕಾರಕ್ಕೆ 'ಗದ್ದುಗೆ', 'ಕುರ್ಚಿ' ಅಂತೇವೆ. ಭಾಷೆಯೇ ಹೇಳ್ತದೆ, ಕೂರುವ ಜಾಗ ಬರೀ ಜಾಗ ಅಲ್ಲ ಅಂತ. ಹಳೇ ಗುತ್ತಿನ ಮನೆ ನೋಡಿದವರು ನೆನಪು ಮಾಡ್ಕೊಳ್ಳಿ. ಅಂಗಳ, ಮೆಟ್ಟಿಲು, ಜಗಲಿ, ಚಾವಡಿ. ಈಗ ಫೋಟೋಕ್ಕೆ ಚಂದ. ಆಗ ಜಾತಿ ನೋಡಿ ಕೆಲವರು ಚಾವಡಿವರೆಗೆ, ಕೆಲವರು ಜಗಲಿವರೆಗೆ, ಕೆಲವರು ಅಂಗಳದಲ್ಲೇ ನಿಲ್ಬೇಕಿತ್ತು. 'ಬಲೆ, ಕುಲ್ಲುಲೆ' ಅಂತ ಎಲ್ಲರಿಗೂ ಹೇಳ್ತಿರ್ಲಿಲ್ಲ.

ಶಾಲೆಯ ಬೆಂಚೂ ಹಾಗೇ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರ್ಲಿಕ್ಕೆ ಮಹಾರ್ ಹುಡುಗನೊಬ್ಬ ಅರ್ಜಿ ಹಾಕಿದ. ಬಾಂಬೆ ಸರ್ಕಾರ ಅವನ ಪರ ನಿಲ್ಲಲಿಲ್ಲ. ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರು ಅನ್ನೋದು ಅವರ ವಾದ. ಅದಾಗಿ ಎಷ್ಟೋ ವರ್ಷದ ನಂತರವೂ, ಸಾತಾರದ ಶಾಲೆಯಲ್ಲಿ ಅಂಬೇಡ್ಕರ್ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆಯಾಗಿ ಕೂತು ಓದಿದ್ರು. ಆ ಗೋಣಿಯನ್ನು ಶಾಲೆಯ ಜವಾನನೂ ಮುಟ್ತಿರ್ಲಿಲ್ಲ ಅಂತ ಅವರೇ ಬರೆದಿದ್ದಾರೆ.

ಮಂಗಳೂರಿನಲ್ಲಿ ಇದಕ್ಕೆ ಎದುರು ನಿಂತವರು ಕುದ್ಮುಲ್ ರಂಗರಾವ್. ಸಾರಸ್ವತ ಬ್ರಾಹ್ಮಣ, ವಕೀಲ. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ರು. ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದ್ರು. ನಿಮ್ಮ ಕಾಲೇಜು ಪ್ರೋಗ್ರಾಮಿಗೆ ಹೋಗುವ ಪುರಭವನಕ್ಕೆ ಇರೋದು ಅವರದ್ದೇ ಹೆಸರು. ಮುಂದಿನ ಸಲ ಅಲ್ಲಿ ಸೀಟು ಹಿಡಿಯುವಾಗ ಬೋರ್ಡು ಓದಿ.

ಅವರ ಮಗಳು ರಾಧಾಬಾಯಿ ಸುಬ್ಬರಾಯನ್. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಮಹಿಳಾ ಪ್ರತಿನಿಧಿಗಳು ಇಬ್ಬರೇ. ಬೇಗಂ ಶಾ ನವಾಜ್ ಒಬ್ಬರು, ಇನ್ನೊಬ್ಬರು ನಮ್ಮ ಮಂಗಳೂರಿನ ರಾಧಾಬಾಯಿ. ಅಂಬೇಡ್ಕರ್ ಕೂಡ ಅದೇ ಪರಿಷತ್ತಿನಲ್ಲಿದ್ರು. ಗೋಣಿಯಿಂದ ದುಂಡುಮೇಜಿಗೆ! ಕಾಂಗ್ರೆಸ್ ಆ ಸಲ ಹೋಗಿರ್ಲಿಲ್ಲ, ಅದು ಬೇರೆ ಜಗಳ.

ಜಾತಿಯದ್ದು ಒಂದು, ದುಡಿಮೆಯದ್ದು ಇನ್ನೊಂದು. 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲಿ, ನಿಂತು ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲಿಕ್ಕೆ ವ್ಯವಸ್ಥೆ ಬೇಕು ಅಂತ ಇತ್ತು. ಅದು ಕಾರ್ಖಾನೆಗೆ. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರ ಕತೆ? ಕೋಝಿಕ್ಕೋಡಿನಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಅಂಗಡಿ ಹೆಂಗಸರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದ್ರು, ಕೂರುವ ಹಕ್ಕಿಗೆ. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡು. ತಲಪಾಡಿ ದಾಟಿದ್ರೆ ಸಿಗುವ ಕಾಸರಗೋಡಿನ ಅಂಗಡಿಗಳಿಗೂ ಅದು ಅನ್ವಯ. ನೆನಪಿರ್ಲಿ, ಕೂತದ್ದೆಲ್ಲ ಆರಾಮ ಅಲ್ಲ. ನಮ್ಮ ಜಿಲ್ಲೆಯಲ್ಲಿ ಜಗಲಿಯಲ್ಲಿ ಕೂತು ದಿನವಿಡೀ ಬೀಡಿ ಕಟ್ಟಿದ ಅಜ್ಜಿಯಂದಿರ ಸೊಂಟ ಕೇಳಿ ನೋಡಿ.

ಇಂಟೀರಿಯರ್ ಡಿಸೈನ್ ಓದುವವರು ಕಮೆಂಟಲ್ಲಿ ಕೇಳ್ತೀರಲ್ಲ, ಹಾಗಾದ್ರೆ ಎಂತ ಸೋಫಾ ತಗೊಳ್ಳೋದು ಅಂತ. ನನ್ನ ಲೆಕ್ಕ ಇಷ್ಟು. ಬಾಗಿದ ಸೋಫಾದ ಒಳಮುಖದಲ್ಲಿ ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣ್ತದೆ, ಹಾಗಾಗಿ ಟೀ ಕುಡಿದು ಹರಟುವ ಬ್ರೇಕ್‌ಔಟ್ ಜಾಗಕ್ಕೆ ಸರಿ. ರಿಸೆಪ್ಶನ್ನಿನಲ್ಲಿ ಕಾಯುವವರು ಅಪರಿಚಿತರು. ಇಂಟರ್ವ್ಯೂ ಟೆನ್ಶನ್ನಿನಲ್ಲಿ ಇನ್ನೊಬ್ಬರ ಮುಖ ಯಾರಿಗೆ ಬೇಕು? ಅಲ್ಲಿ ಸ್ವಲ್ಪವೇ ಬಾಗಿದ್ರೆ ಸಾಕು, ಇಲ್ಲಾಂದ್ರೆ ಹೊರಮುಖ ಮಾಡಿ. ಗೋಡೆಗೆ ಅಂಟಿಸಿದ್ರೆ ಹಿಂದಿನ ಮೂಲೆ ಧೂಳಿಗೆ ಮೀಸಲು. ಸೀಟು ತೀರಾ ತಗ್ಗಾದ್ರೆ ವಯಸ್ಸಾದವರಿಗೆ ಏಳ್ಲಿಕ್ಕಾಗುವುದಿಲ್ಲ, ಸುಮಾರು 45 ಸೆಂಟಿಮೀಟರ್ ಇರ್ಲಿ. ಒಂದು ತುಂಡು ಕಡಿಮೆ ತರಿಸಿ, ಆ ಜಾಗ ಗಾಲಿಕುರ್ಚಿಯವರಿಗೆ ಬಿಡಿ. ಅವರೂ ಸಾಲಿನೊಳಗೇ ಬರ್ಬೇಕು, ಪಕ್ಕದಲ್ಲಿ ಬೇರೆಯಾಗಿ ಅಲ್ಲ. ಮತ್ತೆ ನಮ್ಮ ಮಳೆ! ಜುಲೈಯಲ್ಲಿ ಬಟ್ಟೆಗೂ ಚರ್ಮಕ್ಕೂ ಬೂಷ್ಟು ಹಿಡೀತದೆ, ಕಳಚಿ ಒಗೆಯುವ ಕವರ್ ಇಲ್ಲದ್ದು ಬೇಡವೇ ಬೇಡ.

ಕೊಟೇಶನ್ ತರಿಸುವಾಗ ಕೊನೆಗೆ ಒಂದು ಸಾಲು ಸೇರಿಸ್ಲಿಕ್ಕೆ ಹೇಳಿ: ಬಾಗಿಲ ಹತ್ತಿರ ಎಂಟು ಗಂಟೆ ನಿಲ್ಲುವ ಸೆಕ್ಯೂರಿಟಿ ಅಣ್ಣನಿಗೆ, ಒರಗು ಇರುವ ಒಂದು ಕುರ್ಚಿ.

ನಿಮ್ಮ ಮನೆಯ ಹಳೇ ಮಣೆ, ಬೆಂಚು, ಆರಾಮ ಕುರ್ಚಿಯ ಫೋಟೋ ಇದ್ರೆ ಕಳಿಸಿ, ಅದರಲ್ಲಿ ಯಾರು ಕೂರ್ತಿದ್ರು, ಯಾರು ಕೂರ್ತಿರ್ಲಿಲ್ಲ ಅಂತಲೂ ಬರೀರಿ. ಭಾಗ 4: ಸಿಟಿ ಬಸ್ಸಿನ ಸೀಟು.

#ಕೂತಜಾಗದಚರಿತ್ರೆ #ಮಂಗಳೂರು #ಕುಡ್ಲ