ಗಾಳಿ ತಂಪಿನ ಡೀಸೆಲ್ ಎಂಜಿನ್‌ಗಳಲ್ಲಿ ಅತಿಬಿಸಿ: ಕೃಷಿ ಯಂತ್ರಗಳ ಹಿನ್ನೆಲೆಯಲ್ಲಿ ಕಾರಣ ಪತ್ತೆಯ ಕ್ರಮ

ಸಾರಾಂಶ

ರೇಡಿಯೇಟರ್ ಇಲ್ಲದ ಡೀಸೆಲ್ ಎಂಜಿನ್ ಹದ ಮೀರಿ ಬಿಸಿಯಾದರೆ ಮೊದಲ ದೂರು ಬಿಸಿಲಿನ ಮೇಲೆ, ಎರಡನೆಯದು ಪಿಸ್ಟನ್ ಮತ್ತು ರಿಂಗ್‌ಗಳ ಮೇಲೆ. ಸಾಮಾನ್ಯ ಶಾಖ ವರ್ಗಾವಣೆಯ ಲೆಕ್ಕವಾದರೋ ಬೇರೆಯದೇ ಕಡೆಗೆ ಬೆರಳು ತೋರಿಸುತ್ತದೆ. ತಣಿಸುವ ಗಾಳಿಯ ದಾರಿಯಲ್ಲಿನ ಅಡ್ಡಿ ಬೇಸಿಗೆಯ ತಾಪಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಆದ್ದರಿಂದ ತಪಾಸಣೆ ಗಾಳಿಯ ದಾರಿಯಿಂದ ಮೊದಲಾಗಿ ಹೊರೆ, ಇಂಧನ, ಎಣ್ಣೆ ಎಂಬ ಕ್ರಮದಲ್ಲಿ ಸಾಗಬೇಕು. ಎಂಜಿನ್ ಬಿಚ್ಚುವುದು ಕೊನೆಯ ಹೆಜ್ಜೆಯಾಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

1. ಪೀಠಿಕೆ

ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಹೊಲಗಳಲ್ಲಿ ಗಾಳಿ ತಂಪಿನ ಡೀಸೆಲ್ ಎಂಜಿನ್ ಬೇರೂರಿತು. ಬವೇರಿಯಾದ ಐಶರ್ ಸೋದರರು 1948ರಲ್ಲಿ ಇಡಿ 16 ಟ್ರ್ಯಾಕ್ಟರ್ ಹೊರತಂದರು; ಡಾಯ್ಟ್ಸ್ ಸಂಸ್ಥೆ ಈ ಬಗೆಯ ಎಂಜಿನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಭಾರತದಲ್ಲಿ 1959ರಲ್ಲಿ ಫರೀದಾಬಾದಿನ ಕಾರ್ಖಾನೆಯಿಂದ ಐಶರ್ ಟ್ರ್ಯಾಕ್ಟರ್ ಹೊರಬಂತು. ಒಂದೇ ಸಿಲಿಂಡರಿನ ಐಶರ್ 241, 242 ಮಾದರಿಗಳು ಹಾಗೂ ಗ್ರೀವ್ಸ್, ಕಿರ್ಲೋಸ್ಕರ್ ಸಂಸ್ಥೆಗಳ ಗಾಳಿ ತಂಪಿನ ಎಂಜಿನ್‌ಗಳು ಈ ಪರಂಪರೆಯವು. ನೀರು ಸೋರುವ, ಕುದಿಯುವ ರಗಳೆಯಿಲ್ಲ. ಹೋಸ್ ಪೈಪು, ವಾಟರ್ ಪಂಪುಗಳ ಖರ್ಚಿಲ್ಲ.

ಈ ಅನುಕೂಲದ ಹಿಂದೆಯೇ ಒಂದು ಅಪಾಯವೂ ಇದೆ. ನೀರಿನ ಎಂಜಿನ್ ಕುದಿದರೆ ಆವಿ ಎದ್ದು ಕಣ್ಣಿಗೆ ಬೀಳುತ್ತದೆ. ಗಾಳಿ ತಂಪಿನ ಎಂಜಿನ್‌ಗೆ ಅಂಥ ಎಚ್ಚರಿಕೆಯ ಗುರುತಿಲ್ಲ. ಹೆಡ್‌ಗೆ ತಾಪಮಾಪಕ ಜೋಡಿಸದ ಚಿಕ್ಕ ಎಂಜಿನ್‌ಗಳಲ್ಲಿ ಶಕ್ತಿ ಕುಗ್ಗುವುದು, ಸುಟ್ಟ ಎಣ್ಣೆಯ ವಾಸನೆ, ಹೆಡ್‌ನ ಬಣ್ಣ ಕಂದುವುದು, ಬಿಸಿಯಾದಾಗ ಎಣ್ಣೆಯ ಒತ್ತಡ ಇಳಿಯುವುದು ಇಷ್ಟೇ ಸೂಚನೆಗಳು. ಇವನ್ನು ಕಡೆಗಣಿಸಿದರೆ ಮುಂದಿನ ಸೂಚನೆ ಎಂಜಿನ್ ಹಿಡಿದುಕೊಳ್ಳುವುದೇ.

2. ಶಾಖದ ಲೆಕ್ಕ

7.5 ಕಿಲೋವಾಟ್, ಅಂದರೆ ಸುಮಾರು 10 ಅಶ್ವಶಕ್ತಿಯ ಎಂಜಿನ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಕ್ಷತೆ ಶೇ. 30 ಎಂದಿಟ್ಟುಕೊಂಡರೆ ಇಂಧನದಿಂದ ಬರುವ ಶಾಖ 25 ಕಿಲೋವಾಟ್. ಅದರಲ್ಲಿ ಕಾಲುಭಾಗ, 6.25 ಕಿಲೋವಾಟ್, ತಣಿಸುವ ಗಾಳಿಯ ಪಾಲಿನದು ಎನ್ನೋಣ. ಗಾಳಿ ಸಿಲಿಂಡರಿನ ಹೊರಮೈಯ ಫಿನ್‌ಗಳ ನಡುವೆ ಹಾಯುವಾಗ 50 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ ಎಂದರೆ ಸೆಕೆಂಡಿಗೆ ಸುಮಾರು 110 ಲೀಟರ್ ಗಾಳಿ ಬೇಕು. ಹರಿವು ಶೇ. 30ರಷ್ಟು ಕಡಿಮೆಯಾಗಿ ಅಷ್ಟೇ ಶಾಖ ಹೊರಹೋಗಬೇಕಾದರೆ ಗಾಳಿಯ ಏರಿಕೆ 71 ಡಿಗ್ರಿ ಮುಟ್ಟುತ್ತದೆ. ಫಿನ್‌ನ ತಾಪವೂ ಅದರೊಂದಿಗೆ ಮೇಲೇರುತ್ತದೆ.

ಈಗ ಬಿಸಿಲಿನ ಪಾತ್ರವನ್ನು ತೂಗಿ ನೋಡಬಹುದು. ಫಿನ್ 200 ಡಿಗ್ರಿಯಲ್ಲಿದ್ದು ಹೊರಗಾಳಿ 30ರಿಂದ 42 ಡಿಗ್ರಿಗೆ ಏರಿದರೆ ತಾಪದ ಅಂತರ 170ರಿಂದ 158ಕ್ಕೆ, ಎಂದರೆ ಶೇ. 7ರಷ್ಟು ಕುಗ್ಗುತ್ತದೆ. ಬಿಸಿಗಾಳಿಯ ಸಾಂದ್ರತೆ ಶೇ. 4ರಷ್ಟು ಇಳಿಯುವುದನ್ನೂ ಸೇರಿಸಿದರೆ ತಣಿಸುವ ಸಾಮರ್ಥ್ಯದ ನಷ್ಟ ಶೇ. 9ರ ಸುಮಾರಿಗೆ ನಿಲ್ಲುತ್ತದೆ. ಫಿನ್‌ಗಳ ಶಾಖ ವರ್ಗಾವಣೆ ಗಾಳಿಯ ವೇಗದ 0.65ನೆಯ ಘಾತಕ್ಕೆ ಅನುಗುಣವಾಗಿದೆ ಎಂದು ಹಿಡಿದರೆ, ಹರಿವು ಶೇ. 30ರಷ್ಟು ಕುಂದಿದಾಗ ಆಗುವ ನಷ್ಟ ಶೇ. 21. ಎರಡೂ ಕೂಡಿದರೆ ನಷ್ಟ ಶೇ. 28. ಕೊಳೆಯಿಂದ ಫಿನ್‌ಗಳು ಅರೆಬರೆ ಕಟ್ಟಿಕೊಂಡ ಎಂಜಿನ್ ಚಳಿಗಾಲವನ್ನು ಹೇಗೋ ದಾಟಿ, ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹಿಡಿದುಕೊಳ್ಳುವುದು ಈ ಕಾರಣಕ್ಕೆ. ಕೊನೆಯ ಪೆಟ್ಟು ಬಿಸಿಲಿನದಾದರೂ ದೊಡ್ಡ ಪಾಲು ಕೊಳೆಯದು.

3. ಗಾಳಿಯ ದಾರಿ

ಜೋಳ, ರಾಗಿ, ಮೆಕ್ಕೆಜೋಳದ ಒಕ್ಕಣೆಯ ಕಣದಲ್ಲಿ ಹೊಟ್ಟು ಮತ್ತು ದೂಳು ಬ್ಲೋವರ್‌ಗೆ ನೇರವಾಗಿ ಸೇರುತ್ತವೆ. ಒಣ ದೂಳು ಒಂದಿಷ್ಟು ಉದುರೀತು. ಎಣ್ಣೆ ಬೆರೆತ ದೂಳು ಉದುರದು. ರಾಕರ್ ಕವರ್‌ನ ಪ್ಯಾಕಿಂಗ್, ಪುಶ್‌ರಾಡ್ ಕೊಳವೆಯ ಸೀಲು, ಡೀಸೆಲ್ ಪೈಪಿನ ಜೋಡಣೆ ಇವುಗಳಿಂದ ಜಿನುಗುವ ಎಣ್ಣೆ ಫಿನ್‌ಗಳ ಮೇಲೆ ಹರಡಿ, ದೂಳು ಹಿಡಿದು, ಶಾಖಕ್ಕೆ ಬೆಂದು ಹೊಪ್ಪಳಿಕೆಯಾಗುತ್ತದೆ. ಬೀಡುಕಬ್ಬಿಣದ ಶಾಖವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 50 ವಾಟ್, ಇಂಥ ಪದರದ್ದು 0.2ರ ಆಸುಪಾಸು ಎಂದು ಹಿಡಿದರೆ, ಒಂದು ಮಿಲಿಮೀಟರ್ ಹೊಪ್ಪಳಿಕೆ ಒಡ್ಡುವ ತಡೆ 250 ಮಿಲಿಮೀಟರ್ ದಪ್ಪದ ಬೀಡುಕಬ್ಬಿಣಕ್ಕೆ ಸಮ. ಸಾಲದ್ದಕ್ಕೆ ಅದು ಫಿನ್‌ಗಳ ನಡುವಿನ ಸಂದನ್ನೂ ಕಿರಿದುಗೊಳಿಸುತ್ತದೆ. ಹಾಗಾಗಿ ಸೋರಿಕೆ ನಿಲ್ಲಿಸದೆ ಫಿನ್ ತೊಳೆದರೆ ಕೆಲಸ ಅರ್ಧವೇ ಆದಂತೆ.

ಎರಡನೆಯ ದೋಷ ಮನುಷ್ಯರ ಕೈಯಿಂದ ಆದದ್ದು. ರಿಪೇರಿಗೆ ಬಿಚ್ಚಿದ ಕೌಲಿಂಗ್ ತಗಡನ್ನು, ಸಿಲಿಂಡರ್‌ಗಳ ನಡುವಿನ ಅಡ್ಡತಗಡನ್ನು ಮರಳಿ ಕೂರಿಸದೆ ಬಿಡುವುದುಂಟು. ತೆರೆದಿದ್ದರೆ ಗಾಳಿ ಹೆಚ್ಚು ತಾಗುತ್ತದೆಂಬ ನಂಬಿಕೆ ಬೇರೆ. ಗಾಳಿ ತಡೆ ಕಡಿಮೆಯಿರುವ ದಾರಿಯನ್ನೇ ಹಿಡಿಯುತ್ತದೆ. ಅದನ್ನು ಫಿನ್‌ಗಳ ಆಳಕ್ಕೂ ಸಿಲಿಂಡರಿನ ಹಿಂಬದಿಗೂ ಒತ್ತಾಯದಿಂದ ನುಗ್ಗಿಸುವುದು ಆ ತಗಡುಗಳೇ. ಅವಿಲ್ಲದಿದ್ದರೆ ಸಿಲಿಂಡರಿನ ಒಂದು ಮಗ್ಗುಲು ತಣ್ಣಗಿದ್ದು ಇನ್ನೊಂದು ಮಗ್ಗುಲು ಕಾಯುತ್ತದೆ. ಸಿಲಿಂಡರ್ ದುಂಡಗಿನ ಆಕಾರ ಕಳೆದುಕೊಂಡು ಪಿಸ್ಟನ್ ಒಂದೆಡೆ ಉಜ್ಜುತ್ತದೆ.

ಮೂರನೆಯದು ಬ್ಲೋವರ್. ಫ್ಲೈವೀಲ್‌ನಲ್ಲೇ ರೆಕ್ಕೆಗಳಿರುವ ಎಂಜಿನ್‌ನಲ್ಲಿ ಮುರಿದ ರೆಕ್ಕೆ, ಕಟ್ಟಿದ ಜಾಲರಿ ನೋಡಬೇಕು. ಬೆಲ್ಟಿನಿಂದ ತಿರುಗುವ ಬ್ಲೋವರ್ ಆದರೆ ಬೆಲ್ಟಿನ ಬಿಗಿತ, ಜಾರಿಕೆಯನ್ನು ಪರಿಶೀಲಿಸಬೇಕು. ಡಾಯ್ಟ್ಸ್‌ನ ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಎಂಜಿನ್ ತಾನಾಗಿ ನಿಲ್ಲುವ ಏರ್ಪಾಟಿತ್ತು; ಬೆಲ್ಟ್ ಎಷ್ಟು ಮುಖ್ಯ ಎಂಬುದಕ್ಕೆ ಅದೇ ಸಾಕ್ಷಿ.

ನಾಲ್ಕನೆಯದು ಜಾಗ. ಕಿಟಕಿಯಿಲ್ಲದ ಪಂಪ್‌ಹೌಸಿನಲ್ಲಿ, ಗೋಡೆಗೆ ಒತ್ತಿ ಕೂರಿಸಿದ ಎಂಜಿನ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇಲ್ಲಿ ಎಂಜಿನ್‌ನಲ್ಲಿ ದೋಷ ಹುಡುಕಿ ಫಲವಿಲ್ಲ. ಬ್ಲೋವರ್ ಬಾಯಿಗೆ ಹೊರಗಾಳಿ, ಬಿಸಿಗಾಳಿಗೆ ಬೇರೆ ದಾರಿ ಮಾಡಿಕೊಡಬೇಕು.

4. ಹೊರೆ ಮತ್ತು ಇಂಧನ

ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಕಡಿಮೆಯಾದರೂ ಬಿಸಿ ಏರಬಹುದು. ಆ ಅನುಭವವನ್ನು ಡೀಸೆಲ್‌ಗೆ ಅನ್ವಯಿಸಬಾರದು. ಡೀಸೆಲ್ ಎಂಜಿನ್ ಸದಾ ಹೆಚ್ಚುವರಿ ಗಾಳಿಯಲ್ಲೇ ಉರಿಯುತ್ತದೆ. ಇಂಧನ ಹೆಚ್ಚಿದಷ್ಟೂ ಶಾಖ ಹೆಚ್ಚು. ಶಕ್ತಿ ಬರಲೆಂದು ಪಂಪಿನ ಸೀಲು ಮುರಿದು ಡೀಸೆಲ್ ಏರಿಸಿದ ಎಂಜಿನ್ ಕಪ್ಪು ಹೊಗೆ ಬಿಡುತ್ತಾ ಕಾಯುತ್ತದೆ. ಏರ್ ಫಿಲ್ಟರ್ ಕಟ್ಟಿದರೂ ಫಲ ಅದೇ. ದಿನಗಟ್ಟಲೆ ಪೂರ್ಣ ಹೊರೆಯಲ್ಲಿ ಆರ್‌ಪಿಎಂ ಇಳಿಸಿ ದುಡಿಸುವುದು ಇನ್ನೂ ಕೆಟ್ಟದ್ದು; ವೇಗ ಇಳಿದಾಗ ಬ್ಲೋವರ್‌ನ ಗಾಳಿಯೂ ಇಳಿಯುತ್ತದೆ, ಹೊರೆ ಮಾತ್ರ ಇಳಿಯುವುದಿಲ್ಲ.

ನಾಝಲ್ ತೊಟ್ಟಿಕ್ಕುತ್ತಿದ್ದರೆ ಇಂಧನ ತಡವಾಗಿ ಉರಿದು ಪಿಸ್ಟನ್ ತಲೆ ಸುಡುತ್ತದೆ. ಟೈಮಿಂಗ್ ಹಿಂದಾದರೆ ಸೈಲೆನ್ಸರ್ ಕಡೆಯ ತಾಪ ಏರುತ್ತದೆ. ಮುಂದಾದರೆ ಬಡಿತದ ಸದ್ದಿನೊಡನೆ ಹೆಡ್‌ಗೆ ಹೋಗುವ ಶಾಖ ಹೆಚ್ಚುತ್ತದೆ. ಟ್ಯಾಪೆಟ್ ಸಂದು ತೀರಾ ಕಡಿಮೆಯಿದ್ದರೆ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ.

5. ಎಣ್ಣೆ

ಗಾಳಿ ತಂಪಿನ ಎಂಜಿನ್‌ನಲ್ಲಿ ಎಂಜಿನ್ ಆಯಿಲ್ ಜಾರಿಕೆಗೆ ಮಾತ್ರವಲ್ಲ, ಶಾಖ ಹೊರಲಿಕ್ಕೂ ಬೇಕು. ಮಟ್ಟ ಇಳಿದರೆ ಉಳಿದ ಎಣ್ಣೆ ಬೇಗ ಕಾದು ತೆಳುವಾಗುತ್ತದೆ. ತಯಾರಕರು ಹೇಳಿದ ದರ್ಜೆಯನ್ನೇ ಹಾಕುವುದು, ಆಯಿಲ್ ಕೂಲರ್ ಇದ್ದಲ್ಲಿ ಅದರ ಫಿನ್‌ಗಳನ್ನೂ ತೊಳೆಯುವುದು ಅಗತ್ಯ.

6. ಪತ್ತೆಯ ಕ್ರಮ

ಮೊದಲ ಪ್ರಶ್ನೆ: ಎಲ್ಲ ಸಿಲಿಂಡರ್‌ಗಳೂ ಬಿಸಿಯೋ, ಒಂದೇ ಬಿಸಿಯೋ? ಒಂದೇ ಆದರೆ ಆ ಸಿಲಿಂಡರಿನ ಫಿನ್, ಅಡ್ಡತಗಡು, ನಾಝಲ್, ಟ್ಯಾಪೆಟ್ ಇವುಗಳ ಕಡೆ ನೋಡಬೇಕು. ಎಲ್ಲವೂ ಬಿಸಿಯಾದರೆ ಬ್ಲೋವರ್, ಬೆಲ್ಟು, ಜಾಗ, ಹೊರೆ, ಟೈಮಿಂಗ್ ಸಂಶಯಕ್ಕೆ ಬರುತ್ತವೆ. ಇನ್‌ಫ್ರಾರೆಡ್ ತಾಪಮಾಪಕದಿಂದ ಇದನ್ನು ಬೇಗ ತಿಳಿಯಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತಾಪ ತೋರಿಸುತ್ತದೆ. ಪ್ರತಿ ಹೆಡ್‌ನ ಅದೇ ಜಾಗಕ್ಕೆ ಕಪ್ಪು ಬಣ್ಣದ ಬೊಟ್ಟಿಟ್ಟು ಅಳೆದರೆ ಹೋಲಿಕೆ ನಂಬಲರ್ಹ.

ಎರಡನೆಯ ಪ್ರಶ್ನೆ: ಬಿಸಿ ಯಾವಾಗ? ಹೊರೆಯಿಲ್ಲದೆಯೂ ಕಾದರೆ ಗಾಳಿಯ ದಾರಿ ಅಥವಾ ಟೈಮಿಂಗ್. ಹೊರೆ ಬಿದ್ದಾಗ ಕಪ್ಪು ಹೊಗೆಯೊಡನೆ ಕಾದರೆ ಇಂಧನ, ಫಿಲ್ಟರ್ ಅಥವಾ ಮಿತಿಮೀರಿದ ಹೊರೆ.

ತೊಳೆಯುವ ಕೆಲಸ ಎಂಜಿನ್ ತಣ್ಣಗಿದ್ದಾಗಲೇ ನಡೆಯಬೇಕು. ಕಂಪ್ರೆಸರ್ ಗಾಳಿಯನ್ನು ಹೊರಹೋಗುವ ಬದಿಯಿಂದ ಒಳಬರುವ ಬದಿಗೆ ಊದಬೇಕು. ಮುಂದಿನಿಂದ ಊದಿದರೆ ಕಸ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಹೊಪ್ಪಳಿಕೆಯನ್ನು ಡಿಟರ್ಜೆಂಟಿನಲ್ಲಿ ನೆನೆಸಿ, ಡೀಸೆಲ್ ಪಂಪು ಮತ್ತು ಆಲ್ಟರ್ನೇಟರ್ ಮುಚ್ಚಿ, ನೀರಿನಿಂದ ತೊಳೆದು, ತೇವ ಆರುವವರೆಗೆ ಎಂಜಿನ್ ಓಡಿಸಬೇಕು. ಕಾದ ಎಂಜಿನ್‌ಗೆ ನೀರು ಎರಚಿದರೆ ಹೆಡ್ ಸೀಳಬಹುದು. ಕಾದದ್ದನ್ನು ಥಟ್ಟನೆ ನಿಲ್ಲಿಸುವುದೂ ತಪ್ಪು, ಏಕೆಂದರೆ ಎಂಜಿನ್‌ನೊಡನೆ ಬ್ಲೋವರ್ ಸಹ ನಿಲ್ಲುತ್ತದೆ. ಹೊರೆ ತೆಗೆದು ಕೆಲವು ನಿಮಿಷ ಓಡಿಸಿ ಆಮೇಲೆ ನಿಲ್ಲಿಸಬೇಕು. ಬ್ಲೋವರ್ ಬೆಲ್ಟೇ ಹರಿದಿದ್ದರೆ ಮಾತ್ರ ಕೂಡಲೇ ನಿಲ್ಲಿಸಬೇಕು.

7. ಉಪಸಂಹಾರ

ಈ ಕ್ರಮದ ಮೊದಲ ಹೆಜ್ಜೆಗಳಿಗೆ ಬೇಕಾದದ್ದು ಕಣ್ಣು, ಕುಂಚ ಮತ್ತು ಕಂಪ್ರೆಸರ್. ಕೊನೆಯ ಹೆಜ್ಜೆಗೆ ಬೇಕಾದದ್ದು ಹೊಸ ಪಿಸ್ಟನ್, ಸಿಲಿಂಡರ್ ಮತ್ತು ಸುಗ್ಗಿಯ ಅಮೂಲ್ಯ ದಿನಗಳು. ಹೊಸ ಪಿಸ್ಟನ್ ಕೂರಿಸಿಯೂ ಕಟ್ಟಿದ ಫಿನ್‌ಗಳನ್ನು ಹಾಗೇ ಬಿಟ್ಟರೆ ಅದೂ ಹಿಡಿದುಕೊಳ್ಳುತ್ತದೆ. ಐಟಿಐಗಳ ಡೀಸೆಲ್ ಮೆಕ್ಯಾನಿಕ್ ತರಬೇತಿಯಲ್ಲೂ ಬಾಡಿಗೆ ಯಂತ್ರ ಕೇಂದ್ರಗಳಲ್ಲೂ ಒಕ್ಕಣೆಯ ಕಾಲಕ್ಕೆ ದಿನವೂ ಫಿನ್ ಮತ್ತು ಕೌಲಿಂಗ್ ತಪಾಸಣೆಯನ್ನು ಕಡ್ಡಾಯ ಅಭ್ಯಾಸವಾಗಿಸಬೇಕು.